ಕತ್ತಾಳೆಯ ಎಲೆ: ಅದರ ಮೇಣ, ಅದರ ಕೊಳೆ

ಕತ್ತಾಳೆಗೂ ಆರೈಕೆಯೇ ಎಂದು ವಾಚಕರು ನಗಬಹುದು. ಬಯಲುಸೀಮೆಯ ಹೊಲಗಳ ಬದುವಿನಲ್ಲಿಯೂ ರೈಲುಹಾದಿಯ ಇಕ್ಕೆಲಗಳಲ್ಲಿಯೂ ಯಾರೂ ನೀರೆರೆಯದೆ, ಯಾರೂ ಗೊಬ್ಬರ ಹಾಕದೆ ಬೆಳೆದು ನಿಂತಿರುವ ಗಿಡ ಅದು. ಅದರ ಮುಳ್ಳಿಗೆ ಅಂಜಿ ದನಗಳೂ ದೂರವೇ ಉಳಿಯುತ್ತವೆ. ಅಂಥ ಗಿಡದ ಎಲೆಯನ್ನು ತೊಳೆಯುವವರಾದರೂ ಯಾರು? ಮಾತು ನಿಜ, ಬದುವಿನ ಕತ್ತಾಳೆಯನ್ನು ಮಳೆಯೇ ತೊಳೆಯುತ್ತದೆ, ಗಾಳಿಯೇ ಒರಸುತ್ತದೆ. ಆದರೆ ಈಚೆಗೆ ಕತ್ತಾಳೆಯ ಹಲವು ಜಾತಿಗಳು ಕುಂಡಗಳನ್ನು ಏರಿ ಮನೆಯ ಜಗಲಿಗೂ ಮಹಡಿಗೂ ಕಾಲೇಜಿನ ಮೊಗಸಾಲೆಗೂ ಬಂದಿವೆ. ಅಲ್ಲಿ ಮಳೆ ಬೀಳುವುದಿಲ್ಲ. ಬೀದಿಯ ಧೂಳು ಮಾತ್ರ ತಪ್ಪದೆ ಬೀಳುತ್ತದೆ. ಧೂಳನ್ನು ಕಂಡವರು ಒದ್ದೆಬಟ್ಟೆ ಹಿಡಿಯುತ್ತಾರೆ. ಎಲೆ ಇನ್ನಷ್ಟು ಮಿರುಗಲಿ ಎಂದು ಕೆಲವರು ಕೊಬ್ಬರಿ ಎಣ್ಣೆಯನ್ನೋ ಹಾಲನ್ನೋ ಸವರುತ್ತಾರೆ. ಹೀಗೆ ಒರಸಿಸಿಕೊಂಡ ಗಿಡ ಒಂದೆರಡು ದಿನ ಹೊಳೆಯುತ್ತದೆ. ಬಳಿಕ ಹಿಂದೆಂದಿಗಿಂತಲೂ ಬೇಗ ಕೊಳೆಯಾಗತೊಡಗುತ್ತದೆ.

ಈ ವಿಚಿತ್ರಕ್ಕೆ ಕಾರಣವೇನು? ಒರಸಿದವರು ತೆಗೆದದ್ದು ಕೊಳೆಯನ್ನು ಮಾತ್ರವಲ್ಲ. ಕೊಳೆಯನ್ನು ದೂರವಿಡುವ ಒಂದು ವ್ಯವಸ್ಥೆಯನ್ನೇ ಅವರು ಕೊಳೆಯೆಂದು ಭಾವಿಸಿ ತೆಗೆದುಹಾಕಿದ್ದಾರೆ. ಆದುದರಿಂದ ಎಲೆಯನ್ನು ಹೇಗೆ ತೊಳೆಯಬೇಕೆಂಬ ಪ್ರಶ್ನೆಗೆ ಮೊದಲು, ಎಲೆಯ ಮೇಲಿರುವುದು ಏನು ಎಂಬ ಪ್ರಶ್ನೆಯನ್ನು ನಾವು ಎತ್ತಿಕೊಳ್ಳಬೇಕಾಗಿದೆ.

ಆನೆಕತ್ತಾಳೆಯ ಎಳೆಯ ಎಲೆಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಅದು ಹಸಿರಾಗಿ ಕಾಣುವುದಿಲ್ಲ. ನೀಲಿ ಬೆರೆತ ಬೂದಿಯ ಬಣ್ಣವಾಗಿ ಕಾಣುತ್ತದೆ. ಬೆರಳಿನಿಂದ ಒಮ್ಮೆ ಉಜ್ಜಿದರೆ ಆ ಬೂದಿ ಹೋಗಿ ಒಳಗಿನ ಕಡುಹಸಿರು ಹೊರಬೀಳುತ್ತದೆ. ಬೆರಳಿನ ತುದಿಗೆ ನವಿರಾದ ಬಿಳಿಯ ಪುಡಿ ಅಂಟಿರುತ್ತದೆ. ನೀಲದ್ರಾಕ್ಷಿಯ ಸಿಪ್ಪೆಯ ಮೇಲೂ ಬೂದುಗುಂಬಳದ ಮೇಲೂ ಇಂಥದೇ ಪುಡಿಯನ್ನು ನಾವೆಲ್ಲ ಕಂಡಿದ್ದೇವೆ. ಇದು ಹೊರಗಿನಿಂದ ಬಂದು ಬಿದ್ದ ಧೂಳಲ್ಲ. ಗಿಡ ತಾನೇ ಒಸರಿಸಿದ ಮೇಣ. ಎಲೆಯ ಹೊರಚರ್ಮದ ಕೋಶಗಳು ಮೇಣವನ್ನು ಸಿದ್ಧಪಡಿಸಿ ಹೊರಕ್ಕೆ ಕಳುಹಿಸುತ್ತವೆ. ಅದರಲ್ಲಿ ಒಂದು ಪಾಲು ಹೊರಪೊರೆಯಲ್ಲಿ ಸೇರಿಹೋಗುತ್ತದೆ. ಉಳಿದದ್ದು ಪೊರೆಯ ಮೇಲೆ ಅತಿ ಸೂಕ್ಷ್ಮವಾದ ಹರಳುಗಳಾಗಿ ನಿಲ್ಲುತ್ತದೆ. ಈ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುವುದರಿಂದಲೇ ಎಲೆ ನಮಗೆ ಬೂದಿಯಾಗಿ ಕಾಣುವುದು. ಉರಿಬಿಸಿಲಿನ ಒಂದಂಶ ಹೀಗೆ ಎಲೆಯೊಳಕ್ಕೆ ಇಳಿಯದೆಯೇ ಹಿಂದಿರುಗುತ್ತದೆ.

ಹೊರಪೊರೆಯ ಬಲವನ್ನು ತಿಳಿಯಲು ಕತ್ತಾಳೆಯ ತವರಾದ ಮೆಕ್ಸಿಕೋ ದೇಶಕ್ಕೆ ಹೋಗಬೇಕು. ಅಲ್ಲಿ ದೊಡ್ಡ ಕತ್ತಾಳೆಗಳ ಎಲೆಯಿಂದ ಈ ಪೊರೆಯನ್ನು ಹಾಳೆಯಂತೆ ಸುಲಿದು, ಮಸಾಲೆ ಹಚ್ಚಿದ ಮಾಂಸವನ್ನು ಅದರಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಪದ್ಧತಿ ಉಂಟು. ನಮ್ಮಲ್ಲಿ ಬಾಳೆಯೆಲೆಯಲ್ಲಿ ಕಡುಬನ್ನು ಕಟ್ಟಿ ಬೇಯಿಸುವಂತೆಯೇ ಇದು. ಆ ಪೊರೆಗೂ ಆ ಅಡಿಗೆಗೂ ಮಿಶ್ಯೋಟೆ ಎಂದೇ ಹೆಸರು. ಪೊರೆ ಕಳೆದುಕೊಂಡ ಎಲೆ ಮಾತ್ರ ಉಳಿಯುವುದಿಲ್ಲ. ಹೀಗೆ ಪೊರೆ ಸುಲಿಸಿಕೊಂಡ ಗಿಡಗಳು ಸೊರಗುವುದರಿಂದ ಈಗ ಅನೇಕ ಅಡಿಗೆಯವರು ಕಾಗದವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಬಳಸುತ್ತಾರೆ. ಹಬೆಗೂ ಹರಿಯದ ಇಂಥ ಪೊರೆಯನ್ನು ಗಿಡ ಹೊದೆದಿರುವುದು ನೀರನ್ನು ಕಾಯುವುದಕ್ಕಾಗಿ.

ನೀರನ್ನು ಎಷ್ಟು ಜಿಪುಣತನದಿಂದ ಈ ಗಿಡ ವೆಚ್ಚಮಾಡುತ್ತದೆಂಬುದನ್ನು ಅಮೆರಿಕದ ಪಾರ್ಕ್ ನೋಬೆಲ್ ಎಂಬ ವಿಜ್ಞಾನಿ ಅಳೆದು ನೋಡಿ ೧೯೭೬ರಲ್ಲಿ ಪ್ರಕಟಿಸಿದನು. ಕ್ಯಾಲಿಫೋರ್ನಿಯದ ಮರಳುಗಾಡಿನಲ್ಲಿ ತಾನಾಗಿ ಬೆಳೆಯುವ ಒಂದು ಜಾತಿಯ ಕತ್ತಾಳೆ, ಒಂದು ಗ್ರಾಂ ಇಂಗಾಲಾಮ್ಲ ವಾಯುವನ್ನು, ಎಂದರೆ ಕಾರ್ಬನ್ ಡೈಆಕ್ಸೈಡನ್ನು, ತನ್ನದಾಗಿಸಿಕೊಳ್ಳಲು ವರ್ಷದ ಒಟ್ಟು ಲೆಕ್ಕದಲ್ಲಿ ಸುಮಾರು ೨೫ ಗ್ರಾಂ ನೀರನ್ನು ಮಾತ್ರ ಆವಿಯಾಗಿ ಕಳೆದುಕೊಳ್ಳುತ್ತದೆ. ಬತ್ತ, ಗೋಧಿಗಳಂಥ ಬೆಳೆಗಳಲ್ಲಿ ಈ ಲೆಕ್ಕ ನೂರಾರು ಗ್ರಾಂಗಳಿಗೆ ಏರುತ್ತದೆ. ಆ ಗಿಡದ ಬೇರುಗಳು ಸರಾಸರಿ ೮ ಸೆಂಟಿಮೀಟರು ಆಳದಲ್ಲಿ ಮಾತ್ರ ಇದ್ದು, ೭ ಮಿಲಿಮೀಟರಿನಷ್ಟು ಮಳೆ ಬಿದ್ದರೂ ಸಾಕು, ಅದು ಎಚ್ಚೆತ್ತು ಉಸಿರಾಟದ ಬಾಗಿಲುಗಳನ್ನು ತೆರೆಯುತ್ತದೆ ಎಂದೂ ಅವನು ಕಂಡನು. ಬೇಗ ಕುಡಿದು ನಿಧಾನವಾಗಿ ಖರ್ಚುಮಾಡುವುದು ಅದರ ಬಾಳಿನ ಕ್ರಮ.

ಇನ್ನು ಪೊರೆಯ ಮೇಲಿನ ಮೇಣದ ಪುಡಿಗೆ ಬರೋಣ. ಕೆಸುವಿನ ಎಲೆಯ ಮೇಲಿನ ನೀರು, ತಾವರೆಯೆಲೆಯ ಮೇಲಿನ ಹನಿ ಎಂಬ ಮಾತುಗಳನ್ನು ನಾವು ನಿರ್ಲಿಪ್ತತೆಗೆ ಉಪಮೆಯಾಗಿ ಬಳಸುತ್ತ ಬಂದಿದ್ದೇವೆ. ಅದರ ಹಿಂದಿನ ಭೌತಶಾಸ್ತ್ರವನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ವಿಲ್‌ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹೌಸ್ ೧೯೯೭ರಲ್ಲಿ ವಿಶದಪಡಿಸಿದರು. ಮೇಣಕ್ಕೆ ನೀರು ಅಂಟದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನುಣುಪಾದ ಮೇಣದ ಹಾಳೆಯ ಮೇಲಿನ ಹನಿಗಿಂತ, ಮೇಣದ ಸೂಕ್ಷ್ಮ ಹರಳುಗಳು ಮುಳ್ಳಿನಂತೆ ನಿಂತ ತರಕಲು ಮೇಲ್ಮೈಯ ಮೇಲಿನ ಹನಿ ಇನ್ನೂ ದುಂಡಗಾಗುತ್ತದೆ. ಹರಳುಗಳ ತುದಿ ಮಾತ್ರ ಹನಿಗೆ ತಾಗುತ್ತದೆ. ನಡುವೆಲ್ಲ ಗಾಳಿ ಸಿಕ್ಕಿಕೊಂಡಿರುತ್ತದೆ. ಅದೇ ರೀತಿ ಧೂಳಿನ ಕಣವೂ ಹರಳುಗಳ ತುದಿಯ ಮೇಲೆ ತಂಗಿರುತ್ತದೆಯೇ ಹೊರತು ಎಲೆಗೆ ಅಂಟಿಕೊಂಡಿರುವುದಿಲ್ಲ. ಹನಿ ಉರುಳುವಾಗ ಕಣಕ್ಕೆ ಎಲೆಗಿಂತ ನೀರೇ ಹತ್ತಿರದ ನಂಟು. ಅದು ಹನಿಯೊಡನೆ ಹೊರಟುಹೋಗುತ್ತದೆ. ಒಂದು ಹದವಾದ ಮಳೆ ಬಿದ್ದರೆ ಸಾಕು, ಎಲೆ ಮಿಂದಂತಾಗುತ್ತದೆ.

ಬೂದಿ ಹೊದೆದ ಕತ್ತಾಳೆಯ ಎಲೆ ತಾವರೆಯೆಲೆಯಷ್ಟು ನಿಪುಣವಲ್ಲ. ಆದರೂ ಕೆಲಸ ಮಾಡುವ ತತ್ತ್ವ ಒಂದೇ. ಈಗ ಒದ್ದೆಬಟ್ಟೆಯಿಂದ ಉಜ್ಜಿದವರು ಮಾಡಿದ ಅನರ್ಥ ಅರ್ಥವಾಗುತ್ತದೆ. ಹರಳುಗಳು ಮುರಿದು ಅಳಿಸಿಹೋದ ಜಾಗದಲ್ಲಿ ಹನಿ ದುಂಡಗಾಗದೆ ಹರಡಿಕೊಳ್ಳುತ್ತದೆ. ಹರಡಿದ ನೀರು ಅಲ್ಲೇ ಆರುತ್ತದೆ. ಆರುವಾಗ ತನ್ನಲ್ಲಿದ್ದ ಧೂಳನ್ನೂ ಲವಣವನ್ನೂ ಅಲ್ಲೇ ಬಿಡುತ್ತದೆ. ಮುಂದಿನ ಧೂಳಿಗೆ ಅದೇ ಹಾಸಿಗೆ. ಎಣ್ಣೆ ಸವರಿದ್ದರಂತೂ ಕೇಳಬೇಕಾದುದೇ ಇಲ್ಲ; ಎಣ್ಣೆ ಮೇಣವನ್ನು ಕರಗಿಸಿ ಒಂದುಗೂಡಿಸುತ್ತದೆ, ಬಂದ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಒಮ್ಮೆ ಅಳಿದ ಮೇಣ ಮತ್ತೆ ಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ಕತ್ತಾಳೆಯ ಎಲೆ ಬೆಳೆಯುವ ಬಗೆಯನ್ನು ನೆನೆಯಬೇಕು. ಬಾಳೆ, ಹುಲ್ಲು, ಈರುಳ್ಳಿಗಳಂತೆ ಕತ್ತಾಳೆಯೂ ಏಕದಳ ಸಸ್ಯ. ಅದರ ಎಲೆ ಬೆಳೆಯುವುದು ಬುಡದಿಂದ. ತುದಿ ಎಲ್ಲಕ್ಕಿಂತ ಹಳೆಯದು. ಗಿಡದ ನಡುವೆ ಕೋನಾಕಾರವಾಗಿ ಸುತ್ತಿಕೊಂಡಿರುವ ಮೊಗ್ಗಿನೊಳಗೆ ಎಲೆಗಳು ಒಂದನ್ನೊಂದು ಅಪ್ಪಿಕೊಂಡು ಬೆಳೆಯುತ್ತವೆ. ಮೇಣ ಹೇರಳವಾಗಿ ಒಸರುವುದು ಆ ಎಳೆಯ ಕಾಲದಲ್ಲಿ. ಎಲೆ ಬಿಚ್ಚಿಕೊಂಡು ಬಲಿತ ಮೇಲೆ ಉಜ್ಜಿಹೋದ ಬೂದಿ ಮೊದಲಿನಂತೆ ತುಂಬಿಬರುವುದಿಲ್ಲ. ಮಾವಿನ ಎಲೆಯಾದರೆ ಒಂದೆರಡು ವರ್ಷದಲ್ಲಿ ಉದುರಿ ಹೊಸದು ಬರುತ್ತದೆ; ಕತ್ತಾಳೆಯ ಎಲೆ ಹಲವಾರು ವರ್ಷ ಗಿಡದ ಮೇಲೆಯೇ ಇರುತ್ತದೆ. ಆದುದರಿಂದ ಇಂದು ಒತ್ತಿದ ಬೆರಳಿನ ಗುರುತು ಈಗ ಪ್ರೌಢಶಾಲೆಯಲ್ಲಿರುವ ಹುಡುಗ ಪದವೀಧರನಾಗುವ ತನಕವೂ ಅದರ ಮೇಲೆ ಉಳಿದರೆ ಆಶ್ಚರ್ಯವಿಲ್ಲ.

ಮೊಗ್ಗಿನೊಳಗಿನ ಈ ಅಪ್ಪುಗೆಯಿಂದ ಹುಟ್ಟುವ ಇನ್ನೊಂದು ಸೊಗಸನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬಲಿತ ಎಲೆಯೊಂದರ ಬೆನ್ನನ್ನೋ ಮಡಿಲನ್ನೋ ನೋಡಿರಿ. ಅದರ ಮೇಲೆ ಗರಗಸದ ಹಲ್ಲಿನಂಥ ಒಂದು ಗೆರೆ, ಯಾರೋ ಅಚ್ಚೊತ್ತಿದಂತೆ, ಅಂಚಿಗೆ ಸಮಾಂತರವಾಗಿ ಸಾಗಿರುವುದು ಕಾಣುತ್ತದೆ. ಮೊಗ್ಗಿನಲ್ಲಿದ್ದಾಗ ಒತ್ತಿಕೊಂಡಿದ್ದ ನೆರೆಯ ಎಲೆಯ ಅಂಚಿನ ಮುಳ್ಳುಗಳು ಮೂಡಿಸಿದ ಗುರುತು ಅದು. ಎಳೆಯ ಮೇಣದ ಮೇಲೆ ಬಿದ್ದ ಆ ಮುದ್ರೆ ಎಲೆಯ ಆಯುಸ್ಸಿನುದ್ದಕ್ಕೂ ಉಳಿಯುತ್ತದೆ. ತೋಟಗಾರರು ಕೆಲವು ಜಾತಿಗಳನ್ನು ಈ ಮುದ್ರೆಯ ಅಂದಕ್ಕಾಗಿಯೇ ಬೆಳೆಸುತ್ತಾರೆ. ಇದನ್ನು ಕಲೆಯೆಂದು ತಿಳಿದು ಉಜ್ಜುವವರೂ ಇದ್ದಾರೆ! ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಹೆಸರನ್ನು ಹೊತ್ತ ಮೆಕ್ಸಿಕೋದ ಒಂದು ಪುಟ್ಟ ಕತ್ತಾಳೆಯಲ್ಲಿ ಎಲೆಗಳ ಮೇಲೆ ಸುಣ್ಣದಿಂದ ಬರೆದಂತೆ ಅಚ್ಚಬಿಳಿಯ ಗೆರೆಗಳಿವೆ. ಅವು ಎಲೆಯ ಚರ್ಮದಲ್ಲಿಯೇ ಇರುವಂಥವು. ಎಷ್ಟು ತೊಳೆದರೂ ಹೋಗುವುವಲ್ಲ, ಹೋಗಬೇಕಾದುವೂ ಅಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ರಬ್ಬರ್ ಗಿಡವೆಂದು ಕುಂಡದಲ್ಲಿ ಬೆಳೆಸುವ ಗೋಳಿಯ ಜಾತಿಯ ಗಿಡದ ಎಲೆಗೆ ಎಣ್ಣೆ ಸವರಿದವರು, ತಮ್ಮ ಗಿಡಕ್ಕೆ ಏನೂ ಆಗಲಿಲ್ಲವೆಂದು ವಾದಿಸುವುದುಂಟು. ಆ ಗಿಡದಲ್ಲಿಯೂ ಮಾವಿನಲ್ಲಿಯೂ ಉಸಿರಾಟದ ಪತ್ರರಂಧ್ರಗಳು ಇರುವುದು ಎಲೆಯ ಕೆಳಮೈಯಲ್ಲಿ. ಮೇಲ್ಮೈಗೆ ಸವರಿದ ಎಣ್ಣೆ ಅವಕ್ಕೆ ತಾಗುವುದಿಲ್ಲ. ಕತ್ತಾಳೆಯಲ್ಲಿ ಹಾಗಲ್ಲ, ಅದರ ಎಲೆಯ ಎರಡು ಮೈಗಳಲ್ಲಿಯೂ ಪತ್ರರಂಧ್ರಗಳಿವೆ. ಪ್ರತಿಯೊಂದು ರಂಧ್ರವೂ ಮೇಲ್ಮೈಗಿಂತ ಕೆಳಗೆ ಒಂದು ಗುಳಿಯಲ್ಲಿ ಹುದುಗಿರುತ್ತದೆ. ಸವರಿದ ಎಣ್ಣೆ ಈ ಗುಳಿಗಳಲ್ಲಿ ನಿಂತರೆ ವಾಯುವಿನ ಸಂಚಾರಕ್ಕೆ ಅಡ್ಡಿಯಾಗುವುದು ಸಹಜ. ಅಂಗಡಿಗಳಲ್ಲಿ ಸಿಗುವ, ಎಲೆಗೆ ಹೊಳಪು ಕೊಡುವ ದ್ರವಗಳಿಗೂ ಇದೇ ಆಕ್ಷೇಪಣೆ ಅನ್ವಯಿಸುತ್ತದೆ.

ಪತ್ರರಂಧ್ರಗಳು ತೆರೆಯುವ ಹೊತ್ತು ಕೂಡ ಕತ್ತಾಳೆಯಲ್ಲಿ ವಿಲಕ್ಷಣವಾದುದು. ಹೆಚ್ಚಿನ ಗಿಡಗಳು ಹಗಲಿನಲ್ಲಿ ರಂಧ್ರಗಳನ್ನು ತೆರೆದರೆ, ಕತ್ತಾಳೆ ಬಿಸಿಲಿನ ಹೊತ್ತೆಲ್ಲ ಮುಚ್ಚಿಟ್ಟು ರಾತ್ರಿ ತೆರೆಯುತ್ತದೆ. ತಂಪಿನಲ್ಲಿ ಇಂಗಾಲಾಮ್ಲ ವಾಯುವನ್ನು ಒಳಗೆಳೆದುಕೊಂಡು ಮ್ಯಾಲಿಕ್ ಆಮ್ಲವನ್ನಾಗಿ ಮಾರ್ಪಡಿಸಿ ಜೀವಕೋಶಗಳ ಒಳಗಿನ ರಸಚೀಲಗಳಲ್ಲಿ ಕೂಡಿಡುತ್ತದೆ. ಹಗಲಾದಾಗ ಬಾಗಿಲು ಮುಚ್ಚಿಕೊಂಡು, ಆ ಆಮ್ಲದಿಂದ ವಾಯುವನ್ನು ಬಿಡಿಸಿ, ಬಿಸಿಲಿನ ನೆರವಿನಿಂದ ಸಕ್ಕರೆಯಾಗಿಸುತ್ತದೆ. ಈ ಕ್ರಮವನ್ನು ತಿಳಿಯುವ ಹಾದಿಯಲ್ಲಿ ಇಟ್ಟ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ದೇಶದಲ್ಲಿ ಮೂಡಿತೆಂಬುದು ಸಂತೋಷದ ಸಂಗತಿ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಅನಂತರ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿ, ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿಕೊಂಡು ನೋಡಿದನು. ಬೆಳಗಿನಲ್ಲಿ ಅದು ಬಹಳ ಹುಳಿ. ಹೊತ್ತೇರಿದಂತೆ ಹುಳಿ ಕಡಿಮೆಯಾಗಿ ನಡುಹಗಲಿಗೆ ಸಪ್ಪೆ. ಸಂಜೆಗೆ ತುಸು ಕಹಿ. ಇದನ್ನು ವಿವರಿಸಿ ಅವನು ಬರೆದ ಪತ್ರ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ೧೮೧೫ರಲ್ಲಿ ಅಚ್ಚಾಯಿತು. ನಾಲಗೆಯೊಂದನ್ನೇ ಉಪಕರಣವಾಗಿ ಇಟ್ಟುಕೊಂಡು ಮಾಡಿದ ಪರಿಶೀಲನೆ ಎರಡು ಶತಮಾನಗಳ ಅನಂತರವೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ.

ರಾತ್ರಿಯ ಈ ಉಸಿರಾಟದಿಂದ ತೊಳೆಯುವ ವೇಳೆಯನ್ನು ನಾವು ನಿಶ್ಚಯಿಸಿಕೊಳ್ಳಬಹುದು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಇಂಗಾಲಾಮ್ಲ ವಾಯು ಹರಡುವ ವೇಗ ಸುಮಾರು ಹತ್ತು ಸಾವಿರ ಪಾಲು ಕಡಿಮೆ. ಸಂಜೆಯಲ್ಲಿ ತೊಳೆದರೆ, ಗಿಡ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಬಾಗಿಲ ಮುಂದೆ ನೀರಿನ ಪರದೆ ಕಟ್ಟಿದಂತಾಗುತ್ತದೆ. ಅದೂ ಅಲ್ಲದೆ ನಡುಮೊಗ್ಗಿನ ಬುಡದಲ್ಲಿ ರಾತ್ರಿಯೆಲ್ಲ ನಿಂತ ನೀರು ಬೂಷ್ಟಿಗೂ ಕೊಳೆರೋಗಕ್ಕೂ ಆಹ್ವಾನ. ಬೆಳಗ್ಗೆ ಬಿಸಿಲೇರತೊಡಗಿದ ಮೇಲೆ, ಎಂಟು ಒಂಬತ್ತು ಗಂಟೆಯ ಸುಮಾರಿಗೆ ತೊಳೆಯುವುದು ಉಚಿತ. ಬಾಗಿಲು ಆಗ ಮುಚ್ಚುತ್ತ ಬಂದಿರುತ್ತದೆ. ನೀರೂ ಬೇಗ ಆರುತ್ತದೆ.

ಬಿಸಿಲಿನಲ್ಲಿ ಎಲೆಯ ಮೇಲೆ ನಿಂತ ಹನಿ ಭೂತಗನ್ನಡಿಯಂತೆ ಬೆಳಕನ್ನು ಒಂದೆಡೆ ಕೂಡಿಸಿ ಎಲೆಯನ್ನು ಸುಡುತ್ತದೆಂಬ ನಂಬಿಕೆ ತೋಟಗಾರರಲ್ಲಿ ಬಹಳ ಹಳೆಯದು. ಹಂಗೇರಿಯ ಕೆಲವು ಸಂಶೋಧಕರು ಇದನ್ನು ಪ್ರಯೋಗದಿಂದಲೂ ಗಣಿತದಿಂದಲೂ ಪರೀಕ್ಷಿಸಿ ೨೦೧೦ರಲ್ಲಿ ವರದಿಮಾಡಿದರು. ನುಣುಪಾದ ಎಲೆಯ ಮೇಲೆ ಕುಳಿತ ಹನಿಯ ನಾಭಿ ಎಲೆಗಿಂತ ಕೆಳಗೆಲ್ಲೋ ಬೀಳುತ್ತದೆ. ಹಾಗಾಗಿ ಎಲೆ ಸುಡುವುದಿಲ್ಲ. ಮೇಣದಂಥ ರೋಮಗಳು ಹನಿಯನ್ನು ಎಲೆಯಿಂದ ಮೇಲಕ್ಕೆ ಎತ್ತಿಹಿಡಿದಿರುವ ಕೆಲವು ಗಿಡಗಳಲ್ಲಿ ಮಾತ್ರ ಸುಡುವ ಸಂಭವವಿದೆ. ಕತ್ತಾಳೆಯ ಎಲೆಗೆ ಅಂಥ ರೋಮಗಳಿಲ್ಲ. ನಡುಹಗಲಿನಲ್ಲಿ ತೊಳೆಯಬಾರದೆಂದು ನಾವು ಹೇಳುವುದು ಈ ಭಯದಿಂದಲ್ಲ. ಕಾದ ಎಲೆಯ ಮೇಲೆ ನೀರು ಉರುಳುವ ಮೊದಲೇ ಆರಿ ಕಲೆ ಉಳಿಸುತ್ತದೆಂಬ ಕಾರಣದಿಂದ.

ಈಗ ತೊಳೆಯುವ ಕೆಲಸ. ಒಣಧೂಳು ಮಾತ್ರವಿದ್ದರೆ ನೀರೇ ಬೇಡ. ಚಿತ್ರ ಬರೆಯುವ ಮೃದುವಾದ ಅಗಲ ಕುಂಚದಿಂದ ಬುಡದಿಂದ ತುದಿಯ ಕಡೆಗೆ, ಎಲೆಗೆ ತಾಗಿಯೂ ತಾಗದಂತೆ ಸವರಬೇಕು. ಬಾಯಿಯಿಂದ ಊದಿದರೂ ಎಷ್ಟೋ ಧೂಳು ಹಾರುತ್ತದೆ. ಅಂಟಿದ ಕೆಸರಿದ್ದರೆ ಕುಂಡವನ್ನು ಒಂದು ಕಡೆಗೆ ವಾಲಿಸಿ, ಹೂಝರಿಯಿಂದ ನಯವಾಗಿ ನೀರು ಸುರಿಯಬೇಕು. ವಾಲಿಸುವುದು ಏಕೆಂದರೆ ಕೊಳೆನೀರು ನಡುಮೊಗ್ಗಿಗೆ ಇಳಿಯದೆ ಹೊರಕ್ಕೆ ಹರಿಯಲೆಂದು. ತೊಳೆದಾದ ಮೇಲೆ ಬಟ್ಟೆಯಿಂದ ಒರಸದೆ ಗಿಡವನ್ನು ಮೆಲ್ಲನೆ ಅಲುಗಿಸಿ ಬಿಡಬೇಕು. ಎಲೆಗಳ ಕಂಕುಳಲ್ಲಿ ಸಿಕ್ಕಿದ ತರಗೆಲೆ, ಕಸ, ಪಾರಿವಾಳದ ಪುಕ್ಕ ಇತ್ಯಾದಿಗಳನ್ನು ಉದ್ದವಾದ ಚಿಮುಟದಿಂದ ಎತ್ತಬೇಕು. ಬರಿಗೈ ಹಾಕಿದವರು ಎರಡನೆಯ ಸಲ ಹಾಕುವುದಿಲ್ಲ. ಮಳೆಗಾಲದಲ್ಲಿ ಇಷ್ಟೂ ಶ್ರಮ ಅನಾವಶ್ಯಕ. ಬಿಡುಮಳೆ ಬಂದ ದಿನ ಕುಂಡವನ್ನು ಅಂಗಳಕ್ಕೆ ಇಳಿಸಿದರೆ ಸಾಕು, ನಾವು ಮಾಡಬಹುದಾದುದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿ ಕೆಲಸವಾಗುತ್ತದೆ.

ಸುರಿಯುವ ನೀರು ಯಾವುದೆಂಬುದೂ ಮುಖ್ಯ. ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ನೀರು ಆರಿದಾಗ ಕಾರ್ಬೊನೇಟಾಗಿ, ಅಂದರೆ ಸುಣ್ಣಕಲ್ಲಿನ ತೆಳುಪದರವಾಗಿ, ಉಳಿದುಬಿಡುತ್ತದೆ. ಬಚ್ಚಲುಮನೆಯ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹಕ್ಕಳೆಯೂ ಇದೇ. ದಿನವೂ ಎಲೆಗೆ ಇಂಥ ನೀರನ್ನು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಎಲೆ ಸುಣ್ಣ ಬಳಿದಂತಾಗುತ್ತದೆ. ತಾರಸಿಯಿಂದ ಹಿಡಿದಿಟ್ಟ ಮಳೆನೀರಿದ್ದರೆ ಎಲೆಗೆ ಅದನ್ನೇ ಬಳಸಬೇಕು. ಗಡಸುನೀರನ್ನು ಬುಡದ ಮಣ್ಣಿಗೆ ಮಾತ್ರ ಹಾಕಬೇಕು.

ಹೀಗೆ ಎಲೆಯ ಮೇಲೆ ಕಾಣುವ ಬಿಳುಪು ಮೇಣವಾಗಿರಬಹುದು, ಸುಣ್ಣವಾಗಿರಬಹುದು. ಜೀವವಿರುವ ಕೀಟವೂ ಆಗಿರಬಹುದು. ಇವನ್ನು ಗುರುತಿಸುವುದು ಕಷ್ಟವಲ್ಲ. ಮೇಣ ಎಲೆಯ ಎಲ್ಲೆಡೆ ಒಂದೇ ಸಮನಾಗಿ ಹಬ್ಬಿರುತ್ತದೆ. ಅದರ ಮೇಲೆ ಹನಿ ದುಂಡಗಾಗುತ್ತದೆ. ಸುಣ್ಣ ಹನಿ ಆರಿದ ಆಕಾರದಲ್ಲಿ, ಉಂಗುರ ಉಂಗುರವಾಗಿರುತ್ತದೆ. ಕೆರೆದ ಪುಡಿಯನ್ನು ಗಾಜಿನ ಮೇಲಿಟ್ಟು ನಿಂಬೆರಸ ತೊಟ್ಟಿಕ್ಕಿದರೆ ಗುಳ್ಳೆಗಳೇಳುತ್ತವೆ. ಎಲೆಯ ಬುಡದ ಸಂದುಗಳಲ್ಲಿ ಹಿಂಜಿದ ಅರಳೆಯ ತುಣುಕುಗಳಂತೆ ಕಂಡರೆ ಅದು ಹಿಟ್ಟುತಿಗಣೆ. ಇರುವೆಗಳ ಸಾಲು ಅಲ್ಲಿಗೆ ಹತ್ತಿ ಇಳಿಯುತ್ತಿದ್ದರೆ ಸಂದೇಹವನ್ನೇ ಪಡಬೇಕಾಗಿಲ್ಲ. ತಿಗಣೆಗಳು ಹೀರಿ ಹೊರಬಿಡುವ ಸಿಹಿರಸಕ್ಕಾಗಿ ಇರುವೆಗಳು ಅವುಗಳ ಹಿಂದೆ ಬಿದ್ದಿರುತ್ತವೆ. ಎಲೆಗೆ ಒತ್ತಿಕೊಂಡು ಪುಟ್ಟ ಚಿಪ್ಪಿನಂತೆ ಕುಳಿತು, ಉಗುರಿನಿಂದ ಎಬ್ಬಿಸಿದರೆ ಏಳುವುದು ಶಲ್ಕಕೀಟ.

ಈ ಕೀಟಗಳ ಬಾಧೆ ಇದ್ದಾಗ ಮೇಣವನ್ನು ಕಾಯುವ ಧರ್ಮವನ್ನು ತುಸು ಸಡಿಲಿಸದೆ ವಿಧಿಯಿಲ್ಲ. ಕಡ್ಡಿಯ ತುದಿಗೆ ಅರಳೆ ಸುತ್ತಿ, ಔಷಧದಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಅದ್ದಿ, ಕೀಟ ಕುಳಿತಲ್ಲಿಗೆ ಮಾತ್ರ ಮುಟ್ಟಿಸಬೇಕು. ಸ್ಪಿರಿಟ್ಟು ಕೀಟದ ಮೈಮೇಲಿನ ಮೇಣದ ಹೊದಿಕೆಯನ್ನು ಭೇದಿಸಿ ಅದನ್ನು ಕೊಲ್ಲುತ್ತದೆ. ಅಲ್ಲಿ ಎಲೆಯ ಬೂದಿ ಕೊಂಚ ಹೋದರೆ ಹೋಗಲಿ. ಆದರೆ ಇದೇ ನೆಪದಲ್ಲಿ ಗಿಡಕ್ಕೆಲ್ಲ ಸಾಬೂನುನೀರನ್ನೋ ಬೇವಿನೆಣ್ಣೆಯ ಮಿಶ್ರಣವನ್ನೋ ಸಿಂಪಡಿಸುವುದು ನೀಲಿಬೂದಿಯ ಜಾತಿಗಳಿಗೆ ತಕ್ಕುದಲ್ಲ. ಒಂದೇ ಸಿಂಪರಣೆಗೆ ಗಿಡ ಹಚ್ಚಹಸಿರಾಗಿಬಿಡಬಹುದು. ನೋಡುವವರು ಚಿಗುರಿದೆಯೆಂದು ಹಿಗ್ಗುತ್ತಾರೆ.

ತೊಳೆದು ತೆಗೆಯಲಾಗದ ಕಲೆಗಳೂ ಇವೆ. ನರ್ಸರಿಯ ನೆರಳಿನಲ್ಲಿ ಬೆಳೆದ ಗಿಡವನ್ನು ತಂದ ದಿನವೇ ಏಪ್ರಿಲ್ ತಿಂಗಳ ಬಿಸಿಲಿಗೆ ಇಟ್ಟರೆ ಎಲೆಯ ಬಾಗಿದ ಭಾಗ ಬೆಳ್ಳಗಾಗಿ, ಬಳಿಕ ಕಂದಾಗಿ ಒಣಗುತ್ತದೆ. ಕತ್ತಾಳೆ ಬಿಸಿಲಿನ ಗಿಡವಲ್ಲವೇ ಎಂಬ ಧೈರ್ಯ ಇಲ್ಲಿ ಕೆಡುಕು ಮಾಡುತ್ತದೆ. ನೆರಳಿನಲ್ಲಿ ಬಿಚ್ಚಿದ ಎಲೆ ಬಿಸಿಲಿಗೆ ಸಿದ್ಧವಾಗಿ ಬಂದುದಲ್ಲ. ಎರಡು ಮೂರು ವಾರ ಮುಂಜಾನೆಯ ಬಿಸಿಲನ್ನು ಉಣಿಸಿ ಅದನ್ನು ಒಗ್ಗಿಸಬೇಕು.

ಬುಡದ ಹಳೆಯ ಎಲೆಗಳು ಒಂದೊಂದಾಗಿ ಹಳದಿಯಾಗಿ ಒಣಗುವುದು ರೋಗವಲ್ಲ. ಅವು ಪೂರ್ತಿ ಒಣಗಿ ಕಾಗದದಂತಾದ ಮೇಲೆ ತೆಗೆಯಬಹುದು. ಹಸಿರಾಗಿರುವ ಎಲೆಗಳನ್ನು ಅಂದಕ್ಕಾಗಿ ಕೊಯ್ದು ಗಿಡವನ್ನು ಅನಾನಸಿನ ಹಣ್ಣಿನಂತೆ ಬೋಳಿಸುವುದು ಕೆಲವು ಉದ್ಯಾನಗಳಲ್ಲಿ ಕಾಣುತ್ತದೆ. ಅದನ್ನು ನಾವು ಒಪ್ಪಲಾರೆವು. ಆನೆಕತ್ತಾಳೆ ತನ್ನ ಜೀವಮಾನದಲ್ಲಿ ಹೂಬಿಡುವುದು ಒಂದೇ ಸಲ. ಹತ್ತರಿಂದ ಮೂವತ್ತು ವರ್ಷಗಳ ತನಕ ಕೂಡಿಟ್ಟ ನೀರನ್ನೂ ಸಕ್ಕರೆಯನ್ನೂ ಕೆಲವೇ ತಿಂಗಳಲ್ಲಿ ಸುರಿದು ೬ರಿಂದ ೯ ಮೀಟರು ಎತ್ತರದ ಹೂಕಂಬವನ್ನು ಎಬ್ಬಿಸಿ, ಬಳಿಕ ತಾನು ಸಾಯುತ್ತದೆ. ಒಂದೊಂದು ಹಸಿರೆಲೆಯೂ ಆ ದಿನಕ್ಕಾಗಿ ಇಟ್ಟ ಠೇವಣಿ. ಕೊಯ್ದ ಗಾಯದಿಂದ ಕೊಳೆರೋಗವೂ ಒಳನುಗ್ಗುತ್ತದೆ. ಮಕ್ಕಳು ಓಡಾಡುವೆಡೆಯಲ್ಲಿ ಎಲೆಯ ತುದಿಮುಳ್ಳಿನಿಂದ ಕಣ್ಣಿಗೆ ಅಪಾಯವಿರುವುದರಿಂದ ಮುಳ್ಳಿನ ಮೊನೆಯನ್ನಷ್ಟೇ ಕತ್ತರಿಸಬಹುದು. ಮುಳ್ಳು ಸತ್ತು ಗಟ್ಟಿಯಾದ ಭಾಗ. ಕತ್ತರಿ ಅದನ್ನು ದಾಟಿ ಹಸಿರಿಗೆ ತಾಗದಿದ್ದರೆ ಗಿಡಕ್ಕೆ ನೋವಿಲ್ಲ.

ಹಸಿರಿಗೆ ತಾಗಿದರೆ ನೋವು ಗಿಡಕ್ಕಷ್ಟೇ ಅಲ್ಲ, ಕತ್ತರಿಸಿದವರಿಗೂ ಉಂಟು. ಕತ್ತಾಳೆಯ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಕೆಸುವೂ ಸುವರ್ಣಗೆಡ್ಡೆಯೂ ನಾಲಗೆಯನ್ನು ಕೆರೆಯುವುದು ಇಂಥ ಹರಳುಗಳಿಂದಲೇ. ಮೆಕ್ಸಿಕೋದಲ್ಲಿ ಟೆಕೀಲ ಎಂಬ ಮದ್ಯಕ್ಕಾಗಿ ನೀಲಿಕತ್ತಾಳೆಯನ್ನು ಕೊಯ್ಯುವ, ಅರೆಯುವ ಕೂಲಿಕಾರರ ಕೈಗಳಲ್ಲಿ ಎದ್ದ ತುರಿ, ಬೊಬ್ಬೆಗಳಿಗೆ ಈ ಸೂಜಿಗಳೇ ಕಾರಣವೆಂದು ವೈದ್ಯರು ತೋರಿಸಿದ್ದಾರೆ. ನಮ್ಮಲ್ಲಿ ಕತ್ತಾಳೆಯನ್ನು ಕೊಳೆಹಾಕಿ ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದವರಿಗೆ ಈ ಉರಿ ಹೊಸದಲ್ಲ. ಎಲೆ ಕತ್ತರಿಸುವಾಗ ದಪ್ಪ ಕೈಗವಸನ್ನೂ ಕಣ್ಣಿಗೆ ಕನ್ನಡಕವನ್ನೂ ಹಾಕಿಕೊಳ್ಳುವುದು ಆವಶ್ಯಕ. ರಸ ಸಿಡಿದರೆ ಉಜ್ಜದೆ ಧಾರಾಳವಾದ ನೀರಿನಲ್ಲಿ ತೊಳೆಯಬೇಕು.

ಮೇಲೆ ಹೇಳಿದವುಗಳಲ್ಲಿ ಎರಡನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಣಗಲಿರುವ ಹಳೆಯ ಎಲೆಯೊಂದನ್ನು ಆರಿಸಿಕೊಂಡು ಅದರ ಬೂದಿಯುಳ್ಳ ಭಾಗದಲ್ಲಿ ಅಂಗೈಯಗಲ ಜಾಗವನ್ನು ಒದ್ದೆಬಟ್ಟೆಯಿಂದ ಚೆನ್ನಾಗಿ ಉಜ್ಜಿರಿ. ಉಜ್ಜಿದಲ್ಲಿಗೂ ಪಕ್ಕದ ಉಜ್ಜದ ಜಾಗಕ್ಕೂ ಒಂದೊಂದು ಹನಿ ನೀರಿಟ್ಟು ಹನಿಗಳ ಆಕಾರವನ್ನು ಬದಿಯಿಂದ ನೋಡಿ ಬರೆದುಕೊಳ್ಳಿರಿ. ಅನಂತರ ಎರಡರ ಮೇಲೂ ಸಮನಾಗಿ ಒಂದು ಚಿಟಿಕೆ ಒಣಮಣ್ಣಿನ ಪುಡಿಯನ್ನು ಉದುರಿಸಿ, ಎಲೆಯನ್ನು ಓರೆಮಾಡಿ ಹತ್ತು ಹತ್ತು ಹನಿ ನೀರನ್ನು ಹರಿಸಿರಿ. ಎಲ್ಲಿ ಎಷ್ಟು ಮಣ್ಣು ಉಳಿಯಿತೆಂಬುದು ಕಣ್ಣಿಗೇ ಕಾಣುತ್ತದೆ.

ಎರಡನೆಯದು ಹೈನೆಯ ಪ್ರಯೋಗ. ಅದಕ್ಕೆ ಕಾಡುಬಸಳೆಯೇ ಅನುಕೂಲ. ಕತ್ತಾಳೆಯ ರಸ ಕೈಗೆ ಒಳ್ಳೆಯದಲ್ಲ. ಹೈನೆಯಂತೆ ನಾಲಗೆಯನ್ನು ಮಾತ್ರ ಬಳಸಕೂಡದು. ಕಾಡುಬಸಳೆಯ ಎಲೆಯಲ್ಲಿ ಹೃದಯಕ್ಕೆ ಅಪಾಯಕರವಾದ ದ್ರವ್ಯಗಳಿರುವುದು ಅವನ ಕಾಲದ ಬಹಳ ಅನಂತರ ತಿಳಿದುಬಂದಿತು. ಸೂರ್ಯೋದಯಕ್ಕೆ ಕಿತ್ತ ೧೦ ಗ್ರಾಂ ಎಲೆಯನ್ನು ಕಿತ್ತ ಕೂಡಲೇ ಅಳತೆಯ ನೀರಿನಲ್ಲಿ ಅರೆದು ಸೋಸಿ, ಎರಡು ತೊಟ್ಟು ಫಿನಾಲ್ಫ್ಥಲೀನ್ ಹಾಕಿ, ಸಾರಗುಂದಿಸಿದ ಸೋಡಿಯಂ ಹೈಡ್ರಾಕ್ಸೈಡನ್ನು ನಸುಗೆಂಪು ಬಣ್ಣ ನಿಲ್ಲುವ ತನಕ ತೊಟ್ಟು ತೊಟ್ಟಾಗಿ ಎಣಿಸಿ ಸೇರಿಸಿರಿ. ಅದೇ ಗಿಡದಿಂದ ಸಂಜೆ ನಾಲ್ಕು ಗಂಟೆಗೆ ಕಿತ್ತ ಅಷ್ಟೇ ತೂಕದ ಎಲೆಯಿಂದಲೂ ಅದೇ ಕ್ರಮದಲ್ಲಿ ಮಾಡಿರಿ. ಬೆಳಗಿನ ರಸ ಕುಡಿದ ತೊಟ್ಟುಗಳಿಂದ ಸಂಜೆಯ ರಸ ಕುಡಿದ ತೊಟ್ಟುಗಳನ್ನು ಕಳೆದರೆ, ಉಳಿದ ಸಂಖ್ಯೆ ರಾತ್ರಿಯೆಲ್ಲ ಆ ಎಲೆ ಒಳಗೆಳೆದುಕೊಂಡ ಗಾಳಿಯ ಲೆಕ್ಕವನ್ನು ಸ್ಥೂಲವಾಗಿ ಹೇಳುತ್ತದೆ. ಮೋಡ ಕವಿದ ದಿನವೊಂದರಲ್ಲಿ ಇದನ್ನೇ ಮತ್ತೊಮ್ಮೆ ಮಾಡಿ ಹೋಲಿಸಿ ನೋಡಿರಿ.